ಊರಿಗೆಲ್ಲ ಒಂದೇ ಫ್ಯಾಟು

ಸುಜಾತಕ್ಕನ ಕೆಲಸ ಹೋದದ್ದು ನನ್ನಿಂದ. ನಮ್ಮೂರಿನ ಹಾಲಿನ ಡೈರಿಯಲ್ಲಿ ಫ್ಯಾಟು, ಅಂದರೆ ಹಾಲಿನ ಜಿಡ್ಡು, ಅಳೆದು ನೋಡುತ್ತಿದ್ದ ಅವಳಿಗೆ ಮೋಸಗಾತಿ ಅನ್ನುವ ಹೆಸರು ಬಂತಲ್ಲ, ಅದಕ್ಕೆ ಕಾರಣ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೆದುರು ಕೇಳಿದಾಗ ಮುಚ್ಚಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ನಿಧಾನವಾಗಿ ಹೇಳಹೊರಟರೆ ದಾರಿಯಲ್ಲಿ ಒಂದೊಂದೇ ಸಬೂಬು ಆರಿಸಿಕೊಂಡು ಮಡಿಲಿಗೆ ಹಾಕಿಕೊಳ್ಳುವ ಚಾಳಿ ನನ್ನದು.

ನಮ್ಮೂರು ಆತಗೂರು ಹೋಬಳಿಯದು. ಆಗ ನಾನು ಮದ್ದೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದೆ. ಪಿಯುಸಿವರೆಗೆ ಕನ್ನಡದಲ್ಲೇ ಓದಿದವಳು. ಕಂಪ್ಯೂಟರ್ ಎಂದರೆ ಮಾರ್ಕ್ಸ್ ಕಾರ್ಡು ತೆಗೆಸಲು ಹೋದಾಗ ಅಂಗಡಿಯವನು ಕುಟ್ಟುವ ಡಬ್ಬ ಅಂತಷ್ಟೇ ಗೊತ್ತಿತ್ತು. ಎರಡನೇ ವರ್ಷ ಜಾವಾ ಬಂತು. ಕ್ಲಾಸು, ಆಬ್ಜೆಕ್ಟು ಎಂದು ಮೇಷ್ಟ್ರು ಹೇಳುತ್ತಿದ್ದರೆ ನನಗೆ ಕಿವಿಯಿಂದ ಕಿವಿಗೆ ಗಾಳಿ ಆಡುತ್ತಿತ್ತು. ಕೊನೆಗೆ ಅವರೇ ಬೇಸತ್ತು, ಆಲೆಮನೆ ನೋಡಿದ್ದೀರಲ್ಲ, ಅಚ್ಚು ಅನ್ನುವುದು ಕ್ಲಾಸು, ಅದರಿಂದ ಬೀಳುವ ಒಂದೊಂದು ಬೆಲ್ಲವೂ ಒಂದೊಂದು ಆಬ್ಜೆಕ್ಟು ಎಂದರು. ಆವತ್ತು ಬಸ್ಸಿನಲ್ಲಿ ಕೂತು ಕಿಟಕಿಯಾಚೆ ಕಂಡದ್ದನ್ನೆಲ್ಲ ಅಚ್ಚಿಗೆ ಹಾಕಿದೆ — ಕಬ್ಬಿನ ಗಾಡಿ, ಎತ್ತು, ಕಂಡಕ್ಟರು. ಹೊಸದಾಗಿ ಸೈಕಲ್ ಕಲಿತವರು ಬೀದಿಯೆಲ್ಲ ಸುತ್ತುತ್ತಾರಲ್ಲ, ಹಾಗಾಗಿತ್ತು ನನಗೆ.

ದೊಡ್ಡಪ್ಪ ಡೈರಿಯ ಸೆಕ್ರೆಟರಿ. ಅಲ್ಲಿದ್ದ ಕಂಪ್ಯೂಟರಿನ ಹಳೆಯ ಪ್ರೋಗ್ರಾಮು ಕೆಟ್ಟು ಕೂತಿತ್ತು. ರಿಪೇರಿಯವನನ್ನು ಕರೆಸುವ ಬದಲು ನಮ್ಮ ಹುಡುಗಿಯೇ ಮಾಡುತ್ತಾಳೆ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಳ್ಳೇಕೆ, ಹಿಗ್ಗಿಹೋಗಿದ್ದೆ. ಹಾಲು ಹಾಕುವವರಿಗೆಂದು ಒಂದು ಕ್ಲಾಸು ಬರೆದೆ. ಹೆಸರು, ಲೀಟರು, ಫ್ಯಾಟು. ಊರಿನ ಒಂದೊಂದು ಮನೆಗೆ ಒಂದೊಂದು ಆಬ್ಜೆಕ್ಟು. ಹಾಲು ಅಳೆಯುವಾಗ ಸುಜಾತಕ್ಕ ಅಂಕಿ ಹೊಡೆಯುವುದು. ಎಲ್ಲರದೂ ಮುಗಿದ ಮೇಲೆ ಚೀಟಿಗಳನ್ನೆಲ್ಲ ಒಟ್ಟಿಗೆ ತೆಗೆದು ಮುಂದಿನ ಹೊತ್ತಿನಲ್ಲಿ ಹಂಚುವುದು. ಸಾಲು ಬೇಗ ಕರಗಲಿ ಎಂದು ದೊಡ್ಡಪ್ಪನೇ ಹೇಳಿದ ಉಪಾಯ ಅದು.

ಬರೆಯುವಾಗ ಫ್ಯಾಟಿನ ಹತ್ತಿರ ಒಂದು ಕೆಂಪು ಗೆರೆ ಬಂದು ಕೂತಿತು. ಏನು ಮಾಡಿದರೂ ಹೋಗಲಿಲ್ಲ. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬೈಗುಳ, ನಡುವೆ ಸ್ಟ್ಯಾಟಿಕ್ ಎಂಬ ಪದ. ಅದನ್ನೇ ತೆಗೆದು ಫ್ಯಾಟಿನ ಹಿಂದೆ ಅಂಟಿಸಿದೆ. ಗೆರೆ ಮಾಯವಾಯಿತು! ಆ ಪದ ಅಲ್ಲಿ ಕೂತು ಏನು ಮಾಡುತ್ತದೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಅಮ್ಮನ ಹೆಸರೊಂದನ್ನೇ ಹಾಕಿ ಚೀಟಿ ತೆಗೆದು ನೋಡಿದೆ. ಸರಿಯಾಗಿ ಬಂತು. ಕುಣಿದಾಡಿದೆ.

ಸುಜಾತಕ್ಕನ ಬಗ್ಗೆ ಹೇಳಬೇಕು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಬಿಎಸ್ಸಿ ಮುಗಿಸಿದ್ದಳು. ಅವರ ಕೇರಿಯಿಂದ ಬಂದು ನಮ್ಮ ಡೈರಿಯಲ್ಲಿ ಹಾಲು ಮುಟ್ಟುವ ಕೆಲಸಕ್ಕೆ ಕೂತ ಮೊದಲ ಹೆಣ್ಣು. ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವಳೊಂದು ತಪ್ಪು ಮಾಡಲಿ ಎಂದು ಕಾಯುತ್ತಿದ್ದವರು ನಮ್ಮ ಮನೆಯ ಜಗಲಿಯ ಮೇಲೇ ಕೂತಿರುತ್ತಿದ್ದರು — ನಾನೇ ಅವರಿಗೆ ಕಾಫಿ ಕೊಟ್ಟಿದ್ದೇನೆ. ಅವಳಿಗೂ ಅದು ಗೊತ್ತಿತ್ತು. ನೀರು ಬೆರೆಸಿದ್ದರೆ ಯಾರ ಮನೆಯದಾದರೂ ಸರಿ, ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದಳು. ನನ್ನ ಜೊತೆ ಮಾತ್ರ ಯಾವಾಗಲೂ ಸಲಿಗೆ. ನಿನ್ನ ಜಾವಾ ಏನಂತದೆ ಎಂದು ರೇಗಿಸುತ್ತಿದ್ದಳು.

ಹೊಸ ಚೀಟಿ ಹಂಚಿದ ಮೇಲೆ ಊರಿನಲ್ಲಿ ಗುಸುಗುಸು ಎದ್ದಿತು. ಎಲ್ಲರ ಚೀಟಿಯಲ್ಲೂ ಒಂದೇ ಫ್ಯಾಟು. ಎಮ್ಮೆ ಹಾಲಿಗೂ ಅದೇ, ಸೀಮೆಹಸುವಿನ ಹಾಲಿಗೂ ಅದೇ. ಇವಳು ಒಬ್ಬರ ಹಾಲು ನೋಡಿ ಊರಿಗೆಲ್ಲ ಅದನ್ನೇ ಗೀಚುತ್ತಾಳೆ, ನೋಡಲು ಸೋಮಾರಿತನ ಎಂದರು. ಫ್ಯಾಟು ಹೆಚ್ಚಿದ್ದಷ್ಟೂ ದುಡ್ಡು ಹೆಚ್ಚು, ಎಮ್ಮೆ ಕಟ್ಟಿದವರು ಕೆಂಡವಾದರು. ನಮ್ಮ ಮನೆಯ ಚೀಟಿ ಮಾತ್ರ ಯಾವತ್ತೂ ಸರಿಯಾಗಿತ್ತು. ಅದನ್ನೇ ಹಿಡಿದು ದೊಡ್ಡಪ್ಪ, ಕಂಪ್ಯೂಟರ್ ಕೆಟ್ಟಿದ್ದರೆ ನಮ್ಮದೂ ಕೆಡಬೇಕಿತ್ತಲ್ಲ ಎಂದು ವಾದಿಸಿದರು.

ಮಾರನೆಯ ದಿನ ಕಾಲೇಜಿನಲ್ಲಿ, ಮೇಷ್ಟ್ರು ಬೋರ್ಡಿನ ಮೇಲೆ ಅದೇ ಪದ ಬರೆದರು. ಸ್ಟ್ಯಾಟಿಕ್. ಒಂದೊಂದು ಬೆಲ್ಲಕ್ಕೂ ತನ್ನದೇ ತೂಕ ಇರುತ್ತದೆ. ಸ್ಟ್ಯಾಟಿಕ್ ಅಂದರೆ ಅಚ್ಚಿಗೇ ಸೇರಿದ್ದು, ಎಲ್ಲಕ್ಕೂ ಸೇರಿ ಒಂದೇ, ಕೊನೆಯಲ್ಲಿ ಹಾಕಿದ್ದು ಎಲ್ಲದರದೂ ಆಗುತ್ತದೆ ಎಂದರು. ಮನೆಗೆಲಸವೆಲ್ಲ ಮುಗಿಸಿ ಕೊನೆಯಲ್ಲಿ ಹಾಲು ತರುತ್ತಿದ್ದವಳು ನನ್ನ ಅಮ್ಮ. ನಮ್ಮ ಹಸುವಿನ ಫ್ಯಾಟು ಊರಿಗೆಲ್ಲ ಹೋಗುತ್ತಿತ್ತು. ಸುಜಾತಕ್ಕ ಹೊಡೆದದ್ದೆಲ್ಲ ಸರಿ. ಅದನ್ನು ಒಳಗೆ ಅಳಿಸುತ್ತಿದ್ದವಳು ನಾನು.

ಬಸ್ಸಿನಲ್ಲಿ ಬರುವಾಗ ಹೇಳಿಬಿಡಬೇಕು ಎಂದುಕೊಂಡೇ ಬಂದೆ. ನಿಜವಾಗಿಯೂ — ಆದರೆ ಅದನ್ನು ಹೇಳಿ ಈಗೇನು ಉಪಯೋಗ. ಡೈರಿಯ ಮುಂದೆ ಜನ ಸೇರಿದ್ದರು. ಸುಜಾತಕ್ಕ ನಡುವೆ ನಿಂತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಹೊಡೆಯುವಾಗ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ, ಚೀಟಿಯಲ್ಲಿ ಬೇರೆ ಬರುತ್ತದೆ, ಈಗಲೇ ಯಾರದಾದರೂ ಹಾಲು ತನ್ನಿ ನಿಮ್ಮೆದುರೇ ನೋಡುತ್ತೇನೆ ಎನ್ನುತ್ತಿದ್ದಳು. ಯಾರೂ ತರಲಿಲ್ಲ. ಅಷ್ಟರಲ್ಲಿ ನಾನು ಅವರ ಕಣ್ಣಿಗೆ ಬಿದ್ದೆ. ದೊಡ್ಡಪ್ಪ ಕೈ ಬೀಸಿ ಕರೆದರು.

"ನೀನೇ ಯೋಳ್ ಮಗ. ಕಂಪ್ಯೂಟ್ರು ತಪ್ ಮಾಡ್ತದಾ?"

ಸುಜಾತಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು. ಓದಿದ ಹುಡುಗಿ ಬಂದಳು, ಇನ್ನು ಇದು ಬಗೆಹರಿಯುತ್ತದೆ ಎಂದುಕೊಂಡಳೇನೋ.

"ಕಂಪ್ಯೂಟರ್ ತಪ್ ಮಾಡಲ್ಲ ದೊಡ್ಡಪ್ಪ. ಏನ್ ಹಾಕ್ತಾರೋ ಅದೇ ಬರೋದು."

ಅಷ್ಟೇ ಹೇಳಿದ್ದು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಂಥ ಜಾಣತನ! ಹಾಕಬಾರದ್ದನ್ನು ಹಾಕಿದ್ದವಳು ನಾನು ತಾನೆ. ಸುಜಾತಕ್ಕ ಒಂದು ಗಳಿಗೆ ನನ್ನನ್ನೇ ನೋಡಿದಳು. ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟಳು. ಆ ಕೇರಿಯವರನ್ನು ಕೂರಿಸಿದರೆ ಹೀಗೇ ಆಗುವುದು ಎಂದು ಯಾರೋ ಅಂದರು. ಈ ಸಲ ಎದುರಿಗೇ ಅಂದರು.

ಆಮೇಲೆ ನಾನು ಮಾಡಿದ್ದು ಇದಕ್ಕಿಂತ ಹೊಲಸು. ಡೈರಿ ಖಾಲಿಯಾದ ಮೇಲೆ, ಏನೋ ಮರೆತಿದ್ದೇನೆ ಎಂದು ದೊಡ್ಡಪ್ಪನಿಂದ ಬೀಗ ತೆಗೆಸಿ, ಆ ಒಂದು ಪದ ಅಳಿಸಿದೆ, ಮತ್ತೆ ಬಂದ ಕೆಂಪು ಗೆರೆಯನ್ನು ಈ ಸಲ ಸರಿಯಾದ ದಾರಿಯಲ್ಲಿ ತೆಗೆದೆ. ತಪ್ಪು ಸರಿಪಡಿಸುತ್ತಿದ್ದೇನೆ ಎಂಬ ನೆಮ್ಮದಿ ಬೇರೆ! ಮಾರನೆಯ ದಿನ ಟೆಸ್ಟಿಂಗಿಗೆ ಬೇರೆಯವರು ಕೂತರು. ಚೀಟಿಗಳಲ್ಲಿ ಎಲ್ಲರ ಫ್ಯಾಟೂ ಬೇರೆ ಬೇರೆ ಬಂತು. ನೋಡಿ, ಅವಳು ಹೋದಳು, ಎಲ್ಲ ಸರಿಹೋಯಿತು ಎಂದರು. ಅವಳು ಮೋಸಗಾತಿ ಎನ್ನುವುದಕ್ಕೆ ಅಲ್ಲಿಯವರೆಗೆ ಇಲ್ಲದ ಸಾಕ್ಷಿಯನ್ನು ನಾನೇ ಮಾಡಿಕೊಟ್ಟೆ. ಅವಳ ಅವ್ವ ನಿಂಗಮ್ಮ ಡೈರಿಗೆ ಹಾಲು ಹಾಕುವುದನ್ನು ಬಿಟ್ಟರು. ಸ್ವಲ್ಪ ದಿನಕ್ಕೆ ಹಸುವನ್ನೂ ಮಾರಿದರು. ಸುಜಾತಕ್ಕ ಮದುವೆಯಾಗಿ ಕಿರುಗಾವಲಿಗೆ ಹೋದಳು, ಅವ್ವನನ್ನೂ ಕರೆದುಕೊಂಡು.

ಈಗ ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಇದೇ ಪಾಠ ಹೇಳಿಕೊಡುತ್ತೇನೆ. ಏನೂ ಗೊತ್ತಿಲ್ಲದೆ ಬಂದ ಮಕ್ಕಳಿಗೆ ಸ್ಟ್ಯಾಟಿಕ್ ಬಂದಾಗಲೆಲ್ಲ ಡೈರಿಯ ಕಥೆ ಹೇಳುತ್ತಿದ್ದೆ — ನನ್ನ ಗೆಳತಿಯೊಬ್ಬಳು ಹೀಗೆ ಮಾಡಿ ಊರಿಗೆಲ್ಲ ಒಂದೇ ಫ್ಯಾಟು ಬರಿಸಿದಳು ಎಂದು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಪಾಠವೂ ಮರೆಯುತ್ತಿರಲಿಲ್ಲ. ಈ ವರ್ಷ ಒಬ್ಬ ಹುಡುಗಿ ನಗಲಿಲ್ಲ. ಫ್ಯಾಟು ನೋಡುತ್ತಿದ್ದವರನ್ನು ಬೈಯಲಿಲ್ಲವಾ ಮೇಡಂ ಎಂದು ಕೇಳಿದಳು. ನಾನು ಗಡಿಯಾರ ನೋಡಿ ಪಾಠ ನಿಲ್ಲಿಸಿದೆ.

ಹೋದ ಭಾನುವಾರ ಮಳವಳ್ಳಿಗೆ ಹೋಗಿ ಅಲ್ಲಿಂದ ಕಿರುಗಾವಲಿನ ಬಸ್ಸು ಹಿಡಿದೆ. ಸುಜಾತಕ್ಕ ಈಗ ಮಳವಳ್ಳಿಯ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸದಲ್ಲಿದ್ದಾಳೆ. ನನ್ನನ್ನು ನೋಡಿ ಖುಷಿಪಟ್ಟಳು. ಹೌದು, ಖುಷಿಯನ್ನೇ ಪಟ್ಟಳು. ಅದನ್ನು ನೋಡಿ ಹೇಳದೆ ಎದ್ದುಹೋಗೋಣ ಅನ್ನಿಸಿತು. ಆದರೂ ಹೇಳಿದೆ. ಪ್ರೋಗ್ರಾಮು ತಪ್ಪಿತ್ತು ಎನ್ನುತ್ತಿದ್ದಂತೆ ಅವಳು ಕೈಯೆತ್ತಿ ತಡೆದಳು.

"ಅದ್ ನಂಗೆ ಆಗ್ಲೇ ಗೊತ್ತು ಕಣಮ್ಮ. ನಾನ್ ಬುಟ್ ಮಾರ್ನೆ ದಿನ್ವೇ ಚೀಟಿ ಸರಿಯಾಗ್ ಬತ್ತದೆ ಅಂದ್ರೆ ಯಾರೋ ಅದ್ನ ಸರಿ ಮಾಡವ್ರೆ ಅಂತ ತಾನೆ? ಪಾಪ, ಕಲೀತಿರೋ ಮಗು, ಆಮೇಲ್ ತಿಳ್ಕಂಡು ಎದ್ರುಕಂಡದೆ ಅನ್ಕಂಡಿದ್ದೆ. ನಮ್ಮವ್ವಂಗೂ ಅಂಗೇ ಯೋಳಿದ್ದೆ." ಆಮೇಲೆ ಕೇಳಿದಳು. "ಅವತ್ತು ನನ್ನೆದುರ್ಗೆ ನಿಂತ್ಕಂಡು ಆ ಮಾತಾಡ್ದಲ್ಲ, ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

ಅವಳ ಮುಖ ಬಿಗಿದುಕೊಂಡಿತು. ಇಷ್ಟು ವರ್ಷ ನನ್ನ ಪರವಾಗಿ ಮಾತಾಡಿಕೊಂಡು ಬಂದಿದ್ದಳು, ಅದೂ ತನ್ನ ತಾಯಿಯ ಹತ್ತಿರ. ಅದು ನನಗೆ ಗೊತ್ತೇ ಇರಲಿಲ್ಲ. ನನ್ನ ತಪ್ಪಿನ ಅಳತೆ ನನಗೆ ಸಿಕ್ಕಿದೆ ಎಂದು ತಿಳಿದು ಹೋಗಿದ್ದೆನಲ್ಲ — ಅರ್ಧವೂ ಸಿಕ್ಕಿರಲಿಲ್ಲ. ಒಳಗಿನಿಂದ ನಿಂಗಮ್ಮ, ಯಾರವ್ವ ಬಂದಿರದು ಎಂದರು.

"ನಾನ್ ಯೋಳಾಕಿಲ್ಲ," ಎಂದಳು ಸುಜಾತಕ್ಕ. "ನೀನೇ ಓಗ್ ಯೋಳು. ಜೋರಾಗ್ ಯೋಳು, ಕಿವಿ ಕೇಳ್ಸದಿಲ್ಲ."

ಚಿಕ್ಕವರಾಗಿದ್ದಾಗ ನಮ್ಮ ಮನೆಯ ಮಕ್ಕಳೆಲ್ಲ ನಿಂಗಮ್ಮನನ್ನು ಏಕವಚನದಲ್ಲಿ ಹೆಸರು ಹಿಡಿದು ಕರೆಯುತ್ತಿದ್ದೆವು. ಆವತ್ತು ಅವ್ವ ಎಂದೆ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಅವರು ಕಾಲು ಚಾಚಿ ಕೂತಿದ್ದರು. ಹೇಳಿದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಕ್ಲಾಸು, ಸ್ಟ್ಯಾಟಿಕ್ ಎಂದು ವಿವರಿಸಹೊರಟರೆ ಅವರು ತಲೆ ಅಲ್ಲಾಡಿಸಿದರು.

"ಅದೆಲ್ಲ ನಂಗ್ ತಿಳಿಯಾಕಿಲ್ಲ ಕಣವ್ವ. ನನ್ ಮಗ್ಳು ಸರಿಯಾಗೇ ನೋಡುದ್ಲಾ?"

"ಸರಿಯಾಗೇ ನೋಡಿದ್ಲು ಅವ್ವ. ಒಂದಿನಾನೂ ತಪ್ಪಿರ್ಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದರು.

"ಇದ್ನ ಅಲ್ಲಿ ಯೋಳ್ದಾ, ನಮ್ಮೂರ್ ಡೈರೀಲಿ?"

ಇಲ್ಲ ಎಂದೆ. ಅವರು ಮುಖ ತಿರುಗಿಸಿಕೊಂಡರು. ಸುಜಾತಕ್ಕ ಬಸ್ ಸ್ಟಾಂಡಿನವರೆಗೂ ಬರಲಿಲ್ಲ, ಬಾಗಿಲವರೆಗೂ ಬರಲಿಲ್ಲ.

ಡೈರಿಯ ಸರ್ವಸದಸ್ಯರ ಸಭೆ ಬರುವ ತಿಂಗಳು. ಅಲ್ಲೇ ಎದ್ದು ಹೇಳಬೇಕೆಂದಿದ್ದೇನೆ. ಸೆಕ್ರೆಟರಿಗಿರಿ ಬಿಟ್ಟಿದ್ದರೂ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅಮ್ಮನಿಗೆ ವಿಷಯ ತಿಳಿದು, ಈಗ ಅದನ್ನು ಕೆದಕಿ ಅವರ ಮರ್ಯಾದೆ ಯಾಕೆ ಕಳೆಯುತ್ತೀಯ ಎಂದು ಫೋನಿನಲ್ಲಿ ಅತ್ತಳು. ಅಮ್ಮ ಅತ್ತರೆ ನಾನು ಕರಗಿಬಿಡುತ್ತೇನೆ, ಮೊದಲಿನಿಂದಲೂ ಹಾಗೇ. ನನ್ನ ಧೈರ್ಯದ ಮೇಲೆ ನನಗೇ ನಂಬಿಕೆಯಿಲ್ಲ. ಅದಕ್ಕೇ ಸಭೆಗೆ ಮೊದಲೇ ಇದನ್ನು ಬರೆದು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಸಭೆ ಮುಗಿದ ಮೇಲೆ ನಮ್ಮೂರಿನವರು ಯಾರಾದರೂ ನಿಮಗೆ ಸಿಕ್ಕರೆ ಕೇಳಿ — ಆ ಹುಡುಗಿ ಎದ್ದು ನಿಂತಳಾ ಎಂದು.