ಕೆರಿಯಪ್ಪನ ಲಾರಿಗೆ ಕೊಟ್ಟ ಸುತ್ತು

“ಅಮ್ಮಾ, ಖಾಜಾ ಅಜ್ಜಂಗೆ ಆಟದ ಲಾರಿ ಓಡಿಸೂಕೆ ಹೆದರಿಕೆಯಾ?”

ಮಧುರಾ ಇದನ್ನು ಕೇಳಿದ್ದು ದೋಸೆ ತಿನ್ನುತ್ತಾ. ರೋಹಿಣಿ ಕಾವಲಿಯ ಮೇಲೆ ಇನ್ನೊಂದು ದೋಸೆ ಹೊಯ್ಯುತ್ತಿದ್ದಳು.

“ಹೆದರಿಕೆ ಎಂತಕ್ಕೆ? ಊರಿನ ಅರ್ಧ ಪಂಪು ರಿಪೇರಿ ಮಾಡಿದವರು ಅವರು.”

“ಮತ್ತೆ ನಾನು ಓಡಿಸಿ ಅಂದ್ರೆ ಕೈ ಹಿಂದೆ ತಗೊಂಡ್ರು. ಲಾರಿ ಮುಟ್ಟೂದೂ ಇಲ್ಲ, ನಂಗೆ ಕೊಡೂದೂ ಇಲ್ಲ.”

ರೋಹಿಣಿ ಐದು ವರ್ಷದ ಮಗಳಿಗೆ ಬಿಸಿ ದೋಸೆ ಬಡಿಸಿದಳು. ಇನ್ನೆರಡನ್ನು ಬೇರೆ ತಟ್ಟೆಗೆ ಹಾಕಿ, ಬದಿಗೆ ಚಟ್ನಿ ಇಟ್ಟು, ಪಕ್ಕದ ಮನೆಗೆ ಹೊರಟಳು.

ಇಸಳೂರಿನ ಹೊಸ ಮನೆಗಳ ಸಾಲಿನಲ್ಲಿ ರೋಹಿಣಿಯ ಮನೆಗೂ ಖಾಜಾ ಹುಸೇನರ ಮನೆಗೂ ನಡುವೆ ಇರುವುದು ಸೊಂಟದೆತ್ತರದ ಗೋಡೆ ಒಂದೇ. ಶಿರಸಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದ್ದು ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟಾರಿನ ಕರಕಲು ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ ಒಣಗಿಸಿ ಕೊಡುವುದೇ ಅವರ ಬದುಕಾಗಿತ್ತು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದರು. ಈಗ ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಅಂದು ಅವರು ಜಗುಲಿಯ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಗೇಣುದ್ದದ ಲಾರಿ. ಮುಖ ಡಬ್ಬಿ ತಗಡಿನದ್ದು, ಹಿಂದಿನ ತೊಟ್ಟಿ ಸಾಗವಾನಿ ಚಕ್ಕೆಯದ್ದು. ಬದಿಗೆ ಹಳದಿ ಬಣ್ಣದಲ್ಲಿ ‘ಸಿದ್ದಾಪುರ’ ಎಂದು ಬರೆದಿತ್ತು.

“ಎರಡು ದಿನದಿಂದ ಹೀಗೇ,” ಎಂದು ಅವರ ಹೆಂಡತಿ ಜೊಹರಾ ತಟ್ಟೆ ತೆಗೆದುಕೊಂಡರು. “ಡ್ರೈವರ್ ಬರ್ಲಿ ಅಂತ ಕಾಯೋ ಹಮಾಲಿ ಹಂಗೆ ಕೂತಿದ್ದಾರೆ. ನೀನಾದ್ರೂ ಕೇಳು ಮಾರಾಯ್ತಿ.”

“ಡ್ರೈವರ್ ಬರೂದಿಲ್ಲ,” ಎಂದರು ಖಾಜಾ ಹುಸೇನ್. “ಅದೇ ತೊಂದರೆ.”

ಡ್ರೈವರ್ ಎಂದರೆ ಆ ಆಟದ ಲಾರಿಯ ಒಡೆಯ, ಸಿದ್ದಾಪುರದ ಕೆರಿಯಪ್ಪ. ತೀರಿಕೊಂಡು ತಿಂಗಳು ಕಳೆದಿತ್ತು. ಲಾರಿಯನ್ನು ಅವನ ಹೆಂಡತಿ ಇಲ್ಲಿಗೆ ಕಳಿಸಿದ್ದರು. ಖಾಜಾ ಹುಸೇನರೂ ಕೆರಿಯಪ್ಪನೂ ಹುಡುಗರಾಗಿದ್ದಾಗ ಶಿರಸಿಯ ಒಬ್ಬ ಉಸ್ತಾದರ ಬಳಿ ಒಟ್ಟಿಗೆ ವೈಂಡಿಂಗ್ ಕಲಿತವರು. ಮೀಸೆ ಬಂದ ಮೇಲೆ ಇಬ್ಬರನ್ನೂ ಹಿಡಿದದ್ದು ಒಂದು ಹುಚ್ಚು.

ಖಾಜಾ ಹುಸೇನರ ಅಣ್ಣ ಮುಂಬೈಗೆ ಲಾರಿ ಓಡಿಸುತ್ತಿದ್ದ. ಒಮ್ಮೆ ಅಲ್ಲಿನ ಗುಜರಿ ಬಜಾರಿನಿಂದ ಒಂದು ಮುರುಕು ಪೆಟ್ಟಿಗೆ ತಂದ. ಒಳಗೆ ವಿಲಾಯತಿ ಆಟದ ಸಾಮಾನು: ಉದ್ದಕ್ಕೂ ಗೀರು ಕೊರೆದ ರಸ್ತೆಯ ತುಂಡುಗಳು, ಎರಡು ಪುಟ್ಟ ಕಾರು. ಕಾರಿನ ಹೊಟ್ಟೆಯಡಿಯ ಮೊಳೆ ಗೀರಿನಲ್ಲಿ ಕೂರಬೇಕು. ಗೀರಿನ ಎರಡೂ ಬದಿಯ ಲೋಹದ ಪಟ್ಟಿಯಿಂದ ಕರೆಂಟು ಕುಡಿದು ಕಾರು ಓಡಬೇಕು. ಹೊರದೇಶದಲ್ಲಿ ಅದನ್ನು ಸ್ಲಾಟ್ ಕಾರ್ ಎನ್ನುತ್ತಾರೆ, ಅದಕ್ಕೆ ಪಂದ್ಯಗಳಿವೆ ಎಂಬುದು ಇವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇವರು ಗೀರುಗಾಡಿ ಎಂದು ಕರೆದರು. ಎರಡೂ ಕಾರಿನ ಮೋಟಾರು ಸುಟ್ಟಿತ್ತು. ಸುಟ್ಟ ಮೋಟಾರನ್ನು ಕಂಡು ಸುಮ್ಮನಿರುವ ಜಾತಿಯೇ ಅಲ್ಲ ಇವರದ್ದು. ರೇಡಿಯೋದೊಳಗಿನ ಕೂದಲೆಳೆಯಂಥ ತಂತಿ ಬಿಚ್ಚಿ ತಂದು ಸುತ್ತಿದರು.

ಯಲ್ಲಾಪುರದಲ್ಲಿ ಇವರ ಕಿರಿಯ ಗೆಳೆಯ ಸಮೀಉಲ್ಲಾನ ತಂದೆಯದ್ದು ಲಾರಿಗೆ ಮರದ ಬಾಡಿ ಕಟ್ಟುವ ಶೆಡ್ಡು. ಆ ಹಿರಿಯರೂ ಹುಚ್ಚಿಗೆ ಬಿದ್ದು ಹಲಗೆ ಜೋಡಿಸಿ ಗೀರು ಕೊರೆದರು. ಹಳೇ ಮೋಟಾರಿನ ದಪ್ಪ ತಂತಿಯನ್ನು ಬಡಿದು ಚಪ್ಪಟೆ ಮಾಡಿದ್ದೇ ಪಟ್ಟಿಯಾಯಿತು. ಲಾರಿಯ ಬ್ಯಾಟರಿಯಿಂದ ಕರೆಂಟು. ವೇಗ ಹೆಚ್ಚುಕಡಿಮೆ ಮಾಡಲು ಕರೆಂಟಿನ ಕಾಯಿಲ್ ಒಲೆಯ ಸುರುಳಿತಂತಿಯಿಂದ ಒಂದು ಒತ್ತುಗುಂಡಿ. ವರ್ಷಕ್ಕೊಂದು ಭಾನುವಾರ ಎಲ್ಲರೂ ಸೇರುತ್ತಿದ್ದರು. ಡ್ರೈವರುಗಳು, ಬಡಗಿಗಳು, ಬಣ್ಣ ಬಳಿಯುವವರು ತಮ್ಮ ತಮ್ಮ ಗಾಡಿ ತಂದು ಸಂಜೆಯವರೆಗೆ ಗಲಾಟೆ ಎಬ್ಬಿಸುತ್ತಿದ್ದರು.

“ಕೆರಿಯಪ್ಪ ಎಡಚ,” ಎಂದರು ಖಾಜಾ ಹುಸೇನ್. “ಉಸ್ತಾದರು ಬೆರಳಿಗೆ ಹೊಡೆದು ಹೊಡೆದು ಬಲಗೈಯಲ್ಲಿ ಸುತ್ತೂದು ಕಲಿಸಿದ್ರು. ಗಿರಾಕಿ ಮೋಟಾರಿಗೆ ಬಲಗೈ. ಗೀರುಗಾಡಿಗೆ ಮಾತ್ರ ತನ್ನ ಎಡಗೈಯೇ. ‘ಇದನ್ನಾದ್ರೂ ನನ್ನ ಕೈಯಲ್ಲಿ ಮಾಡ್ತೇನೆ ಬಿಡು’ ಅಂತಿದ್ದ.”

ಎಡಗೈಯಲ್ಲಿ ಸುತ್ತಿದ ತಂತಿ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಹಾಗಾಗಿ ಎಲ್ಲರ ಗಾಡಿ ಮುಂದೆ ಓಡುವಾಗ ಕೆರಿಯಪ್ಪನ ಲಾರಿ ಹಿಂದೆ ಓಡುತ್ತಿತ್ತು. ಅವನ ಸರದಿ ಬಂದಾಗಲೆಲ್ಲ ಬ್ಯಾಟರಿಯ ಎರಡು ವಯರನ್ನು ಅದಲುಬದಲು ಮಾಡಬೇಕು. “ಸಿದ್ದಾಪುರದ ಲಾರಿ ಬಂತು, ವಯರ್ ತಿರುಗಿಸ್ರೋ” ಎಂದು ಕೂಗುವುದೇ ಒಂದು ತಮಾಷೆಯಾಗಿತ್ತು.

ಅವರಲ್ಲಿ ಒಂದು ಕಟ್ಟಳೆಯೂ ಬೆಳೆದಿತ್ತು. ಗುಂಪಿನವರಲ್ಲಿ ಒಬ್ಬ ತೀರಿಕೊಂಡರೆ ಮುಂದಿನ ಕೂಟದಲ್ಲಿ ಅವನ ಗಾಡಿ ಒಂದೇ ಒಂದು ಸುತ್ತು ಓಡಬೇಕು. ಉಳಿದವರು ತಮ್ಮ ಗಾಡಿ ಎತ್ತಿ ಕೈಯಲ್ಲಿ ಹಿಡಿದು ನಿಲ್ಲಬೇಕು. ಗುಂಡಿ ಒತ್ತುವುದು ಸತ್ತವನ ಹತ್ತಿರದ ಸ್ನೇಹಿತ. ಸಮೀಉಲ್ಲಾನ ತಂದೆಗೂ ಹಾಗೆಯೇ ಸುತ್ತು ಕೊಟ್ಟಿದ್ದರು. ಈ ಭಾನುವಾರದ ಕೂಟದಲ್ಲಿ ಕೆರಿಯಪ್ಪನ ಸರದಿ.

“ಓಡಿಸಿದ್ರಾಯ್ತಲ್ಲ ಚಾಚಾ,” ಎಂದಳು ರೋಹಿಣಿ.

“ಲಕ್ವಾ ಹೊಡೆದು ಅಂವ ಮಲಗಿದ ಮೇಲೆ ಇದು ಓಡಿದ್ದೇ ಇಲ್ಲ. ವಾರ್ನಿಶ್ ಎಲ್ಲ ಹಪ್ಪಳ ಆಗಿದೆ. ಕರೆಂಟು ಕೊಟ್ರೆ ಸುಟ್ಟೇ ಹೋಗಬಹುದು. ಅವನ ಎಡಗೈ ಸುತ್ತಿದ್ದು ಈ ಲೋಕದಲ್ಲಿ ಉಳಿದದ್ದು ಇದೊಂದೇ, ಬೇಟಿ. ಓಡಿಸದೇ ಇದ್ರೆ ಅಂವ ಸುತ್ತು ಇಲ್ಲದೇ ಹೋದ ಹಾಗೆ. ಓಡಿಸಿದ್ರೆ…” ಎಂದು ಅವರು ತಮ್ಮ ನಡುಗುವ ಬೆರಳುಗಳನ್ನು ನೋಡಿಕೊಂಡರು. “ಮೊದಲಾಗಿದ್ರೆ ಸುಟ್ಟರೂ ನಾನು ಸುತ್ತಿಡ್ತಿದ್ದೆ. ಆದ್ರೆ ಅದು ನನ್ನ ಕೈ ಆಗ್ತದೆ, ಅವನದ್ದಲ್ಲ.”

ಮಧ್ಯಾಹ್ನ ಸಮೀಉಲ್ಲಾ ಬಂದ. ತಂದೆಯ ಶೆಡ್ಡು ಈಗ ಅವನದ್ದೇ. ವಯಸ್ಸು ಐವತ್ತು ದಾಟಿದ್ದರೂ ಗುಂಪಿಗೆ ಅವನೇ ಚಿಕ್ಕವ. ಲಾರಿಯನ್ನು ಎತ್ತಿ ನೋಡಿ, “ಖಾಜಾ ಭಾಯಿ, ಎಂತಕ್ಕೆ ಇಷ್ಟು ತಲೆಬಿಸಿ? ಈಗ ಇಂಥ ಮೋಟಾರು ಹುಬ್ಬಳ್ಳಿಯಲ್ಲಿ ಡಬ್ಬಿ ತುಂಬ ಸಿಗ್ತದೆ. ಒಂದು ಹಾಕಿ ಓಡಿಸುವ. ಯಾರಿಗೆ ಗೊತ್ತಾಗ್ತದೆ?” ಎಂದ.

“ಆಗ ಸುತ್ತು ಹೊಡೆಯೂದು ಯಾರು? ಕೆರಿಯಪ್ಪನಾ, ಹುಬ್ಬಳ್ಳಿ ಅಂಗಡಿಯವನಾ?”

ಸಮೀಉಲ್ಲಾ ಲಾರಿಯ ಚಕ್ರ ತಿರುಗಿಸಿ ನೋಡಿದ. ಟಯರಿನ ರಬ್ಬರು ಕಲ್ಲಾಗಿದೆ, ಅದನ್ನಾದರೂ ಬದಲಿಸಿ ಇಡುತ್ತೇನೆ ಎಂದು ಲಾರಿಯನ್ನು ಟವೆಲಿನಲ್ಲಿ ಸುತ್ತಿ ಯಲ್ಲಾಪುರಕ್ಕೆ ಒಯ್ದ.

ಭಾನುವಾರ ಎಲ್ಲರನ್ನೂ ಕಾರಿನಲ್ಲಿ ಯಲ್ಲಾಪುರಕ್ಕೆ ಕರೆದೊಯ್ಯುವ ಕೆಲಸ ರೋಹಿಣಿಯದ್ದಾಯಿತು. ಕೆರಿಯಪ್ಪನ ಹೆಂಡತಿ ಪಾರ್ವತವ್ವ ಸಿದ್ದಾಪುರದಿಂದ ಬೆಳಿಗ್ಗೆಯ ಬಸ್ಸಿಗೆ ಬಂದಿದ್ದರು. ಅವರ ತವರು ಬನವಾಸಿಯ ಆಚೆ. ಇಷ್ಟು ವರ್ಷ ಸಿದ್ದಾಪುರದಲ್ಲಿ ಬಾಳಿದರೂ ಮಾತು ಮಾತ್ರ ತವರಿನದ್ದೇ. ಹಿಂದಿನ ಸೀಟಿನಲ್ಲಿ ಅವರೂ ಜೊಹರಾ ಚಾಚಿಯೂ, ನಡುವೆ ಮಧುರಾ. ಖಾಜಾ ಹುಸೇನರು ಮುಂದೆ ಕೂತು ಸೋಂದಾ ಕ್ರಾಸ್ ದಾಟುವವರೆಗೂ ಬಾಯಿ ಬಿಡಲಿಲ್ಲ.

“ಯಾಕ್ರಿ ಸಾಹೇಬ್ರ, ನಮ್ಮವರಿದ್ರ ಇಷ್ಟೊತ್ತಿಗೆ ನಿಮ್ಮ ಬಾಯಿ ಮುಚ್ಚಿಸಾಕ ಆಗ್ತಿದ್ದಿಲ್ಲ,” ಎಂದರು ಪಾರ್ವತವ್ವ.

“ಅಂವ ಸುಳ್ಳು ಹೇಳ್ತಿದ್ದ, ತಿದ್ದೂಕೆ ನಾನು ಬಾಯಿ ಬಿಡಬೇಕಿತ್ತು,” ಎಂದರು ಖಾಜಾ ಹುಸೇನ್. ಪಾರ್ವತವ್ವ ನಕ್ಕು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಶೆಡ್ಡಿನಲ್ಲಿ ಅರ್ಧ ಕಟ್ಟಿದ ಲಾರಿಯೊಂದರ ಆಚೆ ಮರದ ಸ್ಟ್ಯಾಂಡುಗಳ ಮೇಲೆ ಹಲಗೆ ಹಾಸಿತ್ತು. ಮೂರು ತಿರುವು, ಒಂದು ಉದ್ದನೆಯ ನೇರ ದಾರಿ. ಬಂದ ನಾಲ್ಕಾರು ಹಿರಿಯರು ತಮ್ಮ ಗಾಡಿಗಳನ್ನು ಎತ್ತಿ ಎದೆಗೊತ್ತಿ ನಿಂತರು.  ಸಮೀಉಲ್ಲಾ ಲಾರಿಯನ್ನು ಗೀರಿನಲ್ಲಿ ಕೂರಿಸಿ ಹಿಂದೆ ಸರಿದ.

ಖಾಜಾ ಹುಸೇನ್ ಬ್ಯಾಟರಿಯ ಬಳಿ ಬಗ್ಗಿ ಎರಡೂ ವಯರು ಬಿಚ್ಚಿ, ಕೆಂಪಿನ ಜಾಗಕ್ಕೆ ಕಪ್ಪು, ಕಪ್ಪಿನ ಜಾಗಕ್ಕೆ ಕೆಂಪು ಸಿಕ್ಕಿಸಿದರು. ಇಷ್ಟಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಗುಂಡಿ ಹಿಡಿದರು. ಹೆಬ್ಬೆರಳು ಗುಂಡಿಯ ಮೇಲೆ ನಿಲ್ಲಲೇ ಇಲ್ಲ.

“ಒಮ್ಮೆಲೇ ಝಟಕಾ ಕೊಟ್ರೆ ಮೋಟಾರು ಈಗಲೇ ಹೋಗ್ತದೆ,” ಎಂದು ಮೆಲ್ಲಗೆ ಹೇಳಿಕೊಂಡರು.

ರೋಹಿಣಿ ಮುಂದೆ ಬಂದು, ಮಗಳಿಗೆ ಅ ಆ ತಿದ್ದಿಸುವಾಗ ಹಿಡಿಯುವಂತೆಯೇ ಅವರ ಮಣಿಕಟ್ಟನ್ನು ಅಡಿಯಿಂದ ಹಿಡಿದಳು. “ಈಗ ಒತ್ತಿ ಚಾಚಾ.”

ಒತ್ತಿದರು. ಲಾರಿ ಗಿರ್ರೆಂದು ಹಿಂದಕ್ಕೆ ಹಾರಿ, ಗೀರು ತಪ್ಪಿ ಹಲಗೆಯ ಮೇಲೆ ಅಡ್ಡ ಬಿತ್ತು.

“ಹಿಂದಕ್ಕ ಯಾಕ್ ಹೊಂಟ್ರು ಇವ್ರು?” ಎಂದರು ಪಾರ್ವತವ್ವ.

ಹಿರಿಯರು ಮುಖ ಮುಖ ನೋಡಿಕೊಂಡರು. ವಯರು ತಿರುಗಿಸಿದ ಮೇಲೆ ಕೆರಿಯಪ್ಪನ ಲಾರಿ ಮುಂದೆ ಹೋಗಬೇಕು. ಹಿಂದೆ ಹೋಯಿತೆಂದರೆ ಒಳಗಿರುವುದು ಎಲ್ಲರಂತೆ ಸೀದಾ ಸುತ್ತಿದ ಮೋಟಾರು.

ಖಾಜಾ ಹುಸೇನ್ ಗುಂಡಿ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ.

“ಸಮೀ, ಒಳಗೆ ಯಾರಿದ್ದಾರೆ?”

ಹುಬ್ಬಳ್ಳಿಯ ಮೋಟಾರು ಹಾಕುವಾಗ ಲಾರಿಯ ಬಾಡಿ ಕಟ್ಟುವವನಿಗೆ ತಂತಿ ಸುತ್ತಿದ ದಿಕ್ಕು ನೆನಪಾಗಿರಲಿಲ್ಲ. ಸಮೀಉಲ್ಲಾ ಅಂಗಿಯ ಕಿಸೆಯಿಂದ ಕರ್ಚೀಫಿನ ಪುಟ್ಟ ಗಂಟು ತೆಗೆದ. ಅದರಲ್ಲಿ ಹಳೆಯ ಮೋಟಾರಿತ್ತು.

“ಕದಿಯೂಕೆ ತೆಗೆದದ್ದಲ್ಲ ಭಾಯಿ. ಸುಟ್ಟು ಹೋದ್ರೆ ಕೆರಿಯಪ್ಪ ಕಾಕಾನ ಕೈ ಎಲ್ಲಿಂದ ತರೂದು? ನಂಗೆ ಸ್ಕ್ರೂ ಹಿಡಿಯೂದು ಕಲಿಸಿದ್ದು ಅವರು. ಸುತ್ತೂ ಆಗ್ಲಿ, ಇದೂ ಉಳೀಲಿ ಅಂತ…” ಅವನು ಗಂಟನ್ನು ಅವರ ಮುಂದೆ ಹಿಡಿದ.

ಖಾಜಾ ಹುಸೇನ್ ಮೋಟಾರನ್ನು ತೆಗೆದುಕೊಳ್ಳಲು ಕೈ ಚಾಚಿ ಹಿಂದೆಳೆದುಕೊಂಡರು.  ಉಳಿಸಬೇಕೆಂಬ ಆಸೆ ಅವರದ್ದೂ ಅಷ್ಟೇ ಇತ್ತು. ಅದಕ್ಕೇ ದಿನಗಟ್ಟಲೆ ಲಾರಿಯ ಎದುರು ಕೂತಿದ್ದರು.

“ಕೊಡು ಇಲ್ಲಿ ತಮ್ಮಾ,” ಎಂದರು ಪಾರ್ವತವ್ವ. ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಅಂಗೈಯಲ್ಲಿಟ್ಟು, ಸಂದಿನಲ್ಲಿ ಕಾಣುವ ಕಂದು ತಂತಿಯನ್ನು ಉಗುರಿನ ತುದಿಯಿಂದ ಸವರಿದರು. “ಮನ್ಯಾಗ ಮಕ್ಕಳಿಗೆ ಊಟ ಮಾಡಸ್ರಿ ಅಂದ್ರ ಕೈ ಬಿಡುವಿಲ್ಲ ಅಂತಿದ್ರು, ಇದನ್ನ ಹಿಡ್ಕೊಂಡು ಕುಂದ್ರತಿದ್ರು. ನಾ ಇದನ್ನ ಸವತಿ ಅಂತಿದ್ನಿ.” ಅದನ್ನು ಸಮೀಉಲ್ಲಾನ ಕೈಗೆ ವಾಪಸು ಇಟ್ಟರು. “ಇವರ ಅಂಗಿ ಕೊಟ್ಟಾತು, ಹಾಸ್ಗಿ ಸುಟ್ಟಾತು. ಇದನ್ನ ಡಬ್ಬ್ಯಾಗ ಇಟ್ಟು ಏನ್ ಮಾಡ್ತೀರಿ? ಕುಂದ್ರಾಕ ಮಾಡಿದ್ದೇನ್ರಿ ಇದು? ಓಡಸ್ರಿ. ಹೋದ್ರ ಹೋಗ್ಲಿ.”

ಸಮೀಉಲ್ಲಾನೇ ಹಳೆಯ ಮೋಟಾರನ್ನು ಒಳಗಿಟ್ಟು ಸ್ಕ್ರೂ ಬಿಗಿದ. ಖಾಜಾ ಹುಸೇನ್ ಮತ್ತೆ ಗುಂಡಿ ಹಿಡಿದರು, ರೋಹಿಣಿ ಮಣಿಕಟ್ಟು ಹಿಡಿದಳು. 

ಲಾರಿ ಮೊದಲು ಮುಲುಗಿತು. ಆಮೇಲೆ ಮುಂದಕ್ಕೆ ಹೊರಟಿತು. ಮೊದಲ ತಿರುವು ನಿಧಾನವಾಗಿ ದಾಟಿತು. ಉದ್ದ ದಾರಿಯಲ್ಲಿ ವೇಗ ಬಂತು, ತಗಡು ಗಡಗಡ ಎಂದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೆಯ ತಿರುವಿನಲ್ಲಿ ವಾರ್ನಿಶ್ ಸುಡುವ ಕಮರು ವಾಸನೆ ಬಂತು. ಬದುಕಿಡೀ ಆ ವಾಸನೆ ಕುಡಿದ ಖಾಜಾ ಹುಸೇನರಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಈಗ ಬೆರಳೆತ್ತಿದರೆ ಮೋಟಾರು ಉಳಿಯಬಹುದು, ಸುತ್ತು ಉಳಿಯುವುದಿಲ್ಲ. ಅವರ ಹೆಬ್ಬೆರಳು ಮೇಲೇಳಲು ನೋಡಿದ್ದು ರೋಹಿಣಿಗೆ ಗೊತ್ತಾಯಿತು. ಅವಳು ಒತ್ತಲೂ ಇಲ್ಲ, ಎಳೆಯಲೂ ಇಲ್ಲ. ಕೈ ನಡುಗದಂತೆ ಹಿಡಿದಳು, ಅಷ್ಟೇ. ಖಾಜಾ ಹುಸೇನ್ ಗುಂಡಿಯನ್ನು ಪೂರ್ತಿ ಒತ್ತಿದರು.

ಲಾರಿ ಮೂರನೆಯ ತಿರುವು ದಾಟಿ, ಸುತ್ತು ಮುಗಿಯುವ ಸುಣ್ಣದ ಗೆರೆಯನ್ನೂ ದಾಟಿ, ಒಂದು ಮೊಳ ಮುಂದೆ ಹೋಗಿ ನಿಂತಿತು. ತೊಟ್ಟಿಯ ಸಂದಿನಿಂದ ಎಳೆಯಷ್ಟು ಹೊಗೆ ಎದ್ದಿತು.

“ಮುಟ್ಟಿದ್ರು,” ಎಂದರು ಪಾರ್ವತವ್ವ.

ಆಮೇಲೆ ಆ ಶೆಡ್ಡಿನಲ್ಲಿ ಚಹಾ ಆಯಿತು. ಹಿರಿಯರು ಕೆರಿಯಪ್ಪನ ಹಳೇ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಹೇಳಿ ನಕ್ಕರು. ಸಮೀಉಲ್ಲಾ ದೂರ ಕೂತಿದ್ದ. ಖಾಜಾ ಹುಸೇನ್ ತಾವೇ ಎದ್ದು ಹೋಗಿ ಅವನ ಪಕ್ಕ ಕೂತು, “ಟಯರು ಚಂದ ಮಾಡಿದ್ದೆ. ಮೂರನೇ ತಿರುವಿನಲ್ಲಿ ಒಂಚೂರೂ ಜಾರಲಿಲ್ಲ” ಎಂದರು. ಲಾರಿಯನ್ನು ಪಾರ್ವತವ್ವ ತಮ್ಮ ಕೈಚೀಲದಲ್ಲಿಟ್ಟುಕೊಂಡರು, ಸುಟ್ಟ ಮೋಟಾರಿನ ಸಮೇತ.

ವಾಪಸು ಬರುವಾಗ ಮಂಚಿಕೇರಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮೂವರಿಗೂ ನಿದ್ದೆ ಹತ್ತಿತ್ತು. ಖಾಜಾ ಹುಸೇನ್ ಎರಡೂ ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ರಸ್ತೆ ನೋಡುತ್ತಿದ್ದರು.

“ಸಮೀ ಒಳ್ಳೆಯವ,” ಎಂದರು. “ಪ್ರೀತಿ ಇದ್ದವನೇ ಹೀಗೆಲ್ಲ ಮಾಡೂದು. ನಂಗೂ ಮಾಡ್ತಾನೆ.”

ರೋಹಿಣಿ ಎದುರು ಬಂದ ಬಸ್ಸಿಗೆ ದಾರಿ ಬಿಟ್ಟು, ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿದಳು.

“ಕೆರಿಯಪ್ಪನ ಕೈ ಉಲ್ಟಾ ಇತ್ತು, ಹಂಗಾಗಿ ಸಮೀ ಸಿಕ್ಕಿಬಿದ್ದ. ನಂದು ಸೀದಾ ಸುತ್ತಿದ್ದು. ನನ್ನ ಗಾಡಿಯಲ್ಲಿ ಎಂಥ ಮೋಟಾರು ಹಾಕಿ ಓಡಿಸಿದ್ರೂ ಒಬ್ಬರಿಗೂ ತಿಳಿಯೂದಿಲ್ಲ.” ಅವರು ಅವಳ ಕಡೆ ತಿರುಗಿದರು. “ಮನೆಗೆ ಹೋದ ಮೇಲೆ ನನ್ನ ಮೋಟಾರು ಬಿಚ್ಚಿ ತೋರಿಸ್ತೇನೆ, ಬೇಟಿ. ತಂತಿ ಹೆಂಗೆ ಕೂತದೆ ನೋಡಿ ಇಟ್ಕೋ. ನನ್ನ ಸರದಿ ಬಂದ ದಿನ ಗಾಡಿ ಹಲಗೆಗೆ ಇಡೂ ಮೊದ್ಲು ನೀನು ಸ್ಕ್ರೂ ತೆಗೆದು ಒಳಗೆ ಅದೇ ಇದೆಯಾ ನೋಡಬೇಕು. ಆಮೇಲೆ ಗುಂಡಿ ಸಮೀ ಕೈಗೆ ಕೊಡಬೇಡ, ಅಂವ ಹೆದರಿ ಅರ್ಧ ಒತ್ತುತಾನೆ. ನೀನು ಪೂರ್ತಿ ಒತ್ತು. ಇಷ್ಟು ಮಾಡಿಕೊಡ್ತೀಯಾ?”