ಹೆಚ್ಚಿನ ಒಂದು ಗಂಟೆ

ಹೇಮಶ್ರೀಗೆ ಮೈಯೆಲ್ಲಾ ಹೊಟ್ಟೆಕಿಚ್ಚು. ಬೇರೆ ಯಾರ ಮೇಲೂ ಅಲ್ಲ, ಕುಮಾರಸ್ವಾಮಿ ಲೇಔಟಿನ ತಮ್ಮ ಮನೆ ಮಹಡಿಗೆ ಬಾಡಿಗೆಗೆ ಬಂದ ಬಾಗಲಕೋಟೆಯವರ ಮಗಳು ರಾಜಶ್ರೀ ಮೇಲೆ. ಆ ಹುಡುಗಿಗೆ ಕಣ್ಣು ಕಾಣಿಸದು. ಆದರೂ ಹತ್ತನೇ ಕ್ಲಾಸಿನ ಪಾಠ ಒಂದ್ಸಲ ಕಿವಿಗೆ ಬಿದ್ದರೆ ಸಾಕು, ಅರಳು ಹುರಿದಂತೆ ಒಪ್ಪಿಸ್ತಾಳೆ.

ಅಜ್ಜಿ ಗೌರಮ್ಮನಿಗೆ ಬೆಳಗಾದರೆ ಅದೇ ಜಪ. “ಆ ಮಗು ನೋಡೇ, ಕಣ್ಣಿಲ್ದೆ ಹೆಂಗೆ ಓದ್ತದೆ! ನಿಂಗೆ ಎರಡು ಕಣ್ಣಿದ್ದೂ ಎರಡೂ ಮೊಬೈಲ್‌ಗೇ ಮೀಸಲು!” ಒಬ್ಬಟ್ಟು ಮಾಡಿದರೆ ಮೊದಲ ಬಿಸಿ ಒಬ್ಬಟ್ಟು ಮಹಡಿಗೆ, ಸ್ವಂತ ಮೊಮ್ಮಗಳಿಗೆ ಅಂಚು ಹರಿದದ್ದು. ಯಾರಿಗೆ ತಾನೇ ಉರಿಯಲ್ಲ ಹೇಳಿ?

ಆ ಬೆಂಕಿಗೆ ತುಪ್ಪ ಸುರಿದಿದ್ದು ಪರೀಕ್ಷೆ. ಕಣ್ಣು ಕಾಣದವರು ಬಾಯಲ್ಲಿ ಹೇಳಿ ಬರೆಸಬಹುದು, ಒಂದು ಗಂಟೆ ಹೆಚ್ಚು ಸಮಯವೂ ಸಿಗುತ್ತೆ, ಕಾನೂನೇ ಕೊಟ್ಟ ಹಕ್ಕು. ಬರೆಯೋರು ಮಾತ್ರ ಕೆಳಗಿನ ಕ್ಲಾಸಿನವರಾಗಿರಬೇಕು. ಒಂಬತ್ತನೇ ಕ್ಲಾಸಿನ ಹೇಮಶ್ರೀನ ಒಂದು ಮಾತೂ ಕೇಳದೆ, ಇವಳೇ ಬರೀತಾಳೆ ಅಂತ ಅಜ್ಜಿ ಒಪ್ಪಿಕೊಂಡುಬಿಟ್ಟಳು. “ನಂಗೆ ಯಾವತ್ತು ಯಾರು ಹೆಚ್ಚಿಗೆ ಟೈಮ್ ಕೊಟ್ರು?” ಅಂತ ಇವಳು ಕಾಲು ಅಪ್ಪಳಿಸಿದ್ದೇ ಬಂತು.

ಸಮಾಜ ವಿಜ್ಞಾನದ ದಿನ. ಇವರಿಬ್ಬರಿಗೇ ಒಂದು ಕೋಣೆ, ಬಾಗಿಲ ಹತ್ರ ಮೇಲ್ವಿಚಾರಕಿ ಮೇಡಂ. ರಾಜಶ್ರೀ ಹೇಳ್ತಾ ಹೋದಳು, ಇವಳು ಬರೀತಾ ಹೋದಳು. ಎಲ್ಲೂ ತಡವರಿಕೆಯಿಲ್ಲ. ಹಾಳಾದೋಳು, ಒಂದಾದರೂ ಮರೀಬಾರ್ದಾ! ಅಷ್ಟರಲ್ಲಿ ಶಿಕ್ಷಣದ ಹಕ್ಕು ಯಾವ ವಯಸ್ಸಿನ ಮಕ್ಕಳಿಗೆ ಅನ್ನೋ ಪ್ರಶ್ನೆ ಬಂತು.

“ಆರರಿಂದ ಹದಿನಾಲ್ಕು ವರ್ಷ,” ಅಂದಳು ರಾಜಶ್ರೀ.

ಹೇಮಶ್ರೀ ‘ಆರರಿಂದ ಹತ್ತು’ ಅಂತ ಬರೆದಳು. ಮುಂದಿನ ಪುಟದಲ್ಲಿ ಒಂದು ಇಸವಿಯನ್ನೂ ಬದಲಾಯಿಸಿದಳು. ಒಳಗೊಳಗೇ ಖುಷಿ.

ಗಂಟೆ ಹೊಡೀತು. ಬೇರೆ ಮಕ್ಕಳೆಲ್ಲ ಗಲಾಟೆ ಮಾಡ್ತಾ ಮನೆ ದಾರಿ ಹಿಡಿದರು.

“ನಿಂಗಿನ್ನೂ ಒಂದು ಗಂಟೆ ಇದೆಯಮ್ಮ. ಬರೆಸಿದ್ದನ್ನ ಓದ್ಸಿ ಕೇಳ್ಕೋ,” ಅಂದರು ಮೇಡಂ. ಹೇಮಶ್ರೀಗೆ ಜೀವ ಬಾಯಿಗೆ ಬಂತು.

“ಬ್ಯಾಡ್ರಿ ಮೇಡಂ. ಹೇಮಾ ಬರದ್ರ ನಾ ಬರದಂಗ,” ಅಂದ ರಾಜಶ್ರೀ, ತನ್ನ ನೀರಿನ ಬಾಟ್ಲಿಯನ್ನ ತಡವಿ ಇವಳ ಕಡೆ ಸರಿಸಿದಳು. “ಕೈ ನೋಯಾಕತ್ತಿರಬೇಕಲ್ಲ ನಿಂದು? ನೀರ್ ಕುಡಿ.”

ಬೈದಿದ್ದರೂ ತಡ್ಕೋಬಹುದಿತ್ತು. ಹೇಮಶ್ರೀ ಹಾಳೆ ತಿರುವಿ, ‘ಹತ್ತು’ ಅನ್ನೋದರ ಮೇಲೆ ಉದ್ದಕ್ಕೆ ಗೀಟು ಎಳೆದಳು. ಖಾಲಿ ಕೋಣೆಯಲ್ಲಿ ಪೆನ್ನಿನ ಸದ್ದು ಕೇಳಿಸಿತು.

“ಏನ್ ಹೊಡದ್ ಹಾಕಿದಿ?” ಅಂದಳು ರಾಜಶ್ರೀ.

“ತಪ್ಪಾಗಿತ್ತು ಅಕ್ಕ.”

“ನಂದಾ, ನಿಂದಾ?”

ಸುಳ್ಳು ನಾಲಿಗೆ ತುದೀಲೇ ಇತ್ತು. ಹೇಳೋಕೆ ಆಗಲಿಲ್ಲ.

“ನಂದು.”

ರಾಜಶ್ರೀ ಕೈ ಚಾಚಿ ಬಾಟ್ಲಿಯನ್ನ ವಾಪಸ್ ತಗೊಂಡಳು.

“ಹಂಗಾದ್ರ ಮೊದಲಿಂದ ಓದು,” ಅಂದಳು. “ಒಂದ್ ಸಾಲೂ ಬಿಡಬ್ಯಾಡ.”