ಕ್ಯೂನಲ್ಲಿ ನಿಂತರೂ ಸಿಗದ ನನ್ನದೇ ಬದನೆಕಾಯಿ

ಕಳೆದ ಭಾನುವಾರ, ಕಾಸು ಕೊಟ್ಟು ಕೊಂಡಿದ್ದ ಬದನೆಕಾಯಿಯನ್ನೇ ಮತ್ತೆ ಕೊಳ್ಳಲು ನಾನು ಕ್ಯೂನಲ್ಲಿ ನಿಂತೆ. ಸಿಗಲಿಲ್ಲ.

ತಪ್ಪು ನನ್ನ ಷಡ್ಡಕನದು. ಆತ ಇತ್ತೀಚೆಗೆ ಫಾರ್ಮರ್ಸ್ ಮಾರ್ಕೆಟ್ ತರಕಾರಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವತ್ತು ನಾದಿನಿ ಸಮೇತ ಊಟಕ್ಕೆ ಬರುವವನಿದ್ದ. "ಗೇಟಿನ ಮುಂದಿನ ಗಾಡಿಯಿಂದ ತಂದ್ರೆ ನನ್ನ ಮಾನ ಹೋಗುತ್ತೆ ಕಣ್ರೀ" ಎಂದು ಹೆಂಡತಿ ಚೀಲ ಕೈಗಿತ್ತಳು. (ವಾರದ ಉಳಿದ ದಿನ ನಮ್ಮ ಮಾನ ಅದೇ ಗಾಡಿಯ ಮೇಲಿರುತ್ತದೆ.)

ವೈಟ್‌ಫೀಲ್ಡಿನ ನಮ್ಮ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಈ ಮಾರ್ಕೆಟ್. ಎಳೆ ಬದನೆ ಆರಿಸಿಕೊಡಲಿ ಎಂದು ಮನೆ ಓನರ್ ಮುನಿರಾಜಣ್ಣನವರನ್ನೂ ಕರೆದೊಯ್ದೆ. ಪಂಚೆ, ಹೆಗಲ ಮೇಲೆ ಟವೆಲ್. ಹಿಂದೆ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆ ಬೆಳೆಯುತ್ತಾರೆ. ತರಕಾರಿ ಮಾರುತ್ತಿದ್ದ ನಿಜವಾದ ರೈತನೋ, ಜೀನ್ಸ್, ಕೂಲಿಂಗ್ ಗ್ಲಾಸ್ ಹಾಕಿದ ಯುವಕ. ಅವನ ಮುಂದೆ ನೊಣವೂ ಇರಲಿಲ್ಲ.

ಅವನ ಬಳಿ ಬದನೆ, ಸೊಪ್ಪು ಕೊಂಡು, ಚೀಲವನ್ನು ಮುನಿರಾಜಣ್ಣನ ಕೈಗೆ ಕೊಟ್ಟು ಸ್ಕೂಟರ್ ತರಲು ಹೋದೆ. ಬರುವಷ್ಟರಲ್ಲಿ ಅವರ ಸುತ್ತ ಜನ! ಸೊಪ್ಪು ಖಾಲಿ. ಬದನೆ ಖಾಲಿಯಾಗುತ್ತಿದೆ.

"ನಿಮ್ಮ ಹೊಲ ಎಲ್ಲಿ ಅಂಕಲ್?" ಎಂದು ಮೇಡಂ ಒಬ್ಬರು ಕೇಳಿದರು.

ಮುನಿರಾಜಣ್ಣ ಕಾಲ ಕೆಳಗೆ ತೋರಿಸಿದರು. "ಇದೇ ಮೇಡಂ." (ಸುಳ್ಳಲ್ಲ. ಆ ಪಾರ್ಕಿಂಗ್ ಒಂದು ಕಾಲಕ್ಕೆ ಅವರದೇ ರಾಗಿ ಹೊಲ.)

"ಸೋ ಲೋಕಲ್" ಎಂದು ಆಕೆ ಇನ್ನಷ್ಟು ಬದನೆ ತೆಗೆದುಕೊಂಡರು.

ನಾನು ನುಗ್ಗಿದೆ. "ಸಾರ್, ಕ್ಯೂನಲ್ಲಿ ಬನ್ನಿ" ಎಂದರು ನಿಂತಿದ್ದವರು. "ಇದು ನನ್ನ ಬದನೆಕಾಯಿ" ಎಂದೆ. "ಎಲ್ಲರೂ ಹಂಗೇ ಹೇಳ್ತಾರೆ" ಎಂದರು. ಇದಕ್ಕಿಂತ ಅವಮಾನ ಉಂಟೇ? ತೆಪ್ಪಗೆ ನಿಂತೆ. ನನ್ನ ಸರದಿ ಬಂದಾಗ ಚೀಲ ಬರಿದಾಗಿತ್ತು.

"ಮುಂದಿನ ವಾರ ಬನ್ನಿ ಸಾರ್" ಎಂದ ಮುನಿರಾಜಣ್ಣ, ಆಮೇಲೆ ನನ್ನ ಮುಖ ನೋಡಿ ಬೆಚ್ಚಿದರು. "ಕೇಳ್ದೋರ್ಗೆ ಇಲ್ಲ ಅನ್ನಕಾಯ್ತದಾ? ಕೈ ಅಂಗೇ ಓಯ್ತು." (ಕಾಸು ನನಗೇ ಕೊಟ್ಟರು, ಲಾಭ ಸಮೇತ.)

ಅಷ್ಟರಲ್ಲಿ ಆ ಜೀನ್ಸ್ ಯುವಕ ಅಂಗಡಿ ಎತ್ತಿಕೊಂಡು ಹೋಗಿದ್ದ. ಊಟಕ್ಕೆ ಗಾಡಿಯ ಬದನೆಯೇ ಗತಿಯಾಯಿತು. ಷಡ್ಡಕ ಮತ್ತೆ ಮತ್ತೆ ಪಲ್ಯ ಹಾಕಿಸಿಕೊಂಡು "ಮಣ್ಣಿನ ಘಮ ಬರ್ತಿದೆ" ಎಂದ. ಹೆಂಡತಿಯ ಮಾನ ಉಳಿಯಿತು.

ಸಂಜೆ ಆ ಜೀನ್ಸ್ ಯುವಕ ಮುನಿರಾಜಣ್ಣನವರನ್ನು ಹುಡುಕಿಕೊಂಡು ಬಂದ. ಮಾರಾಟವಾಗದ ತರಕಾರಿಯೆಲ್ಲ ಅವನ ವ್ಯಾನಿನಲ್ಲೇ ಇತ್ತು. ಜಗಳಕ್ಕೇ ಬಂದ ಅಂದುಕೊಂಡೆ.

"ಅಣ್ಣ, ಈ ಟವೆಲ್ ಎಲ್ಲಿ ತಗೊಂಡ್ರಿ?"

"ಮಗಳು ಮಾಲ್‌ನಿಂದ ತಂದ್ಕೊಟ್ಟಿದ್ದು ಕಣಪ್ಪ."

ಈಗ ನೀವೇ ಹೇಳಿ, ಮುಂದಿನ ಭಾನುವಾರ ನಾನು ಒಯ್ಯಬೇಕಾದದ್ದು ಚೀಲವೋ, ಟವೆಲ್ಲೋ?